ಶರಬತ್ತಿನ ಲೋಟದಲ್ಲಿ ಅಡಗಿದ ಪ್ರಶ್ನೆ



ಮೇ ತಿಂಗಳ ಸುಡುಬಿಸಿಲು. ಗದಗ-ಬೆಟಗೇರಿಯ ಒಂದು ಮನೆಯಲ್ಲಿ ಮಗುವಿನ ಪ್ರಥಮ ಪರಮಪ್ರಸಾದದ ಔತಣ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ನೆಂಟರು ಬಂದು ಸೇರಿದ್ದರು. ವಿದೇಶದಲ್ಲಿ ದುಡಿಯುವ ಆ ಮನೆಯ ಮಗ ಹೊಸ ಬಗೆಯ ಪಾನೀಯವೊಂದನ್ನು ಹಿಂದಿನ ರಾತ್ರಿಯೇ ಸಿದ್ಧಗೊಳಿಸಿದ್ದ. ಚಹಾದ ಡಿಕಾಕ್ಷನ್, ಸಕ್ಕರೆ, ನಿಂಬೆರಸ, ಕಿತ್ತಳೆರಸಗಳಿಗೆ ವಿಸ್ಕಿ ಬೆರೆಸಿ, ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಫ್ರೀಜರಿನಲ್ಲಿ ಇಡುವುದು. ಮರುದಿನ ಆ ಹಿಮದ ಹುಡಿಯನ್ನು ಕೆರೆದು ಲೋಟಕ್ಕೆ ಹಾಕಿ ಮೇಲೆ ಸೋಡಾ ಸುರಿಯುವುದು. ಅಮೆರಿಕದ ಕುಟುಂಬಗಳ ಕೂಟಗಳಲ್ಲಿ ಇದು ರೂಢಿಯಲ್ಲಿರುವ ಪಾನೀಯ. ನೋಡುವುದಕ್ಕೆ ಮಾತ್ರ ನಮ್ಮ ನಿಂಬೆ ಶರಬತ್ತಿನಂತೆಯೇ ಇರುತ್ತದೆ.

ಬಿಸಿಲಿನಲ್ಲಿ ಬಂದ ಹಿರಿಯ ನೆಂಟರೊಬ್ಬರು ತಟ್ಟೆಯಲ್ಲಿದ್ದ ಲೋಟವೊಂದನ್ನು ಎತ್ತಿಕೊಂಡು ಒಂದೇ ಉಸಿರಿಗೆ ಅರ್ಧ ಕುಡಿದರು. ಅವರು ಬಹಳ ಕಷ್ಟಪಟ್ಟು ಕುಡಿತವನ್ನು ಬಿಟ್ಟು ಮೂರು ವರ್ಷಗಳಾಗಿದ್ದವು. ಎದೆಯಲ್ಲಿ ಹಳೆಯ ಬಿಸಿ ಹರಡಿದಾಗ ಅವರಿಗೆ ಅರಿವಾಯಿತು. ಲೋಟವನ್ನು ಕೆಳಗಿಟ್ಟು, ಯಾರೊಡನೆಯೂ ಮಾತಾಡದೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತರು. ನಾನು ಬಳಿಗೆ ಹೋದಾಗ ಅವರು ಕೇಳಿದ್ದು ಒಂದೇ ಮಾತು: "ಫಾದರ್, ನಾ ಕುಡಿದ್ನೋ, ನನಗ ಕುಡಿಸಿದ್ರೋ?"

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ಪ್ರಶ್ನೆ ಅವರೊಬ್ಬರದಲ್ಲ. ಅತಿಥಿಗಳನ್ನು ಕರೆಯುವ ನಮ್ಮೆಲ್ಲರದು.

ಮೊದಲು ಆ ಲೋಟದೊಳಗೆ ನಡೆದದ್ದೇನೆಂದು ನೋಡೋಣ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಶುದ್ಧ ಮದ್ಯಸಾರ ಹೆಪ್ಪುಗಟ್ಟಲು ಸುಮಾರು ಮೈನಸ್ 114 ಡಿಗ್ರಿ ಸೆಲ್ಸಿಯಸ್ ಬೇಕು. ಮನೆಯ ಫ್ರೀಜರಿನ ಚಳಿ ಮೈನಸ್ 18ರ ಆಸುಪಾಸಿನದು. ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರವಿರುತ್ತದೆ. ಅದನ್ನು ಹಾಗೆಯೇ ಫ್ರೀಜರಿನಲ್ಲಿ ಇಟ್ಟರೆ ಗಟ್ಟಿಯಾಗದು. ಹಣ್ಣಿನ ರಸ, ನೀರುಗಳನ್ನು ಹೆಚ್ಚಾಗಿ ಬೆರೆಸಿದಾಗ ನೀರಿನ ಒಂದು ಪಾಲು ಹರಳುಗಟ್ಟಿ, ಮದ್ಯಸಾರ ಆ ಹರಳುಗಳ ನಡುವೆ ದ್ರವವಾಗಿಯೇ ಉಳಿಯುತ್ತದೆ. ತಣ್ಪು ನಾಲಿಗೆಯನ್ನು ಮರಗಟ್ಟಿಸುತ್ತದೆ. ಸಕ್ಕರೆ ಮತ್ತು ಹುಳಿ ಮದ್ಯದ ಘಾಟನ್ನು ಮುಚ್ಚುತ್ತವೆ. ಗಂಟಲನ್ನು ಸುಡುವ ಆ ಘಾಟು ಒಂದು ಎಚ್ಚರಿಕೆಯ ಗಂಟೆ. ಇಲ್ಲಿ ಗಂಟೆಯ ನಾಲಗೆಯನ್ನು ಕಟ್ಟಿಹಾಕಲಾಗಿದೆ. ಮದ್ಯ ಮಾತ್ರ ಹಾಗೆಯೇ ಇದೆ.

ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲಾಜಿಕಾ' ಗ್ರಂಥದಲ್ಲಿ ಇದನ್ನೇ ವಿಚಾರಿಸಿದ್ದಾರೆ. ಪಾನೀಯದ ಬಲವನ್ನು ತಿಳಿಯದೆ ಅಮಲೇರಿದವನಲ್ಲಿ ದೋಷವಿಲ್ಲ ಎಂಬುದು ಅವರ ಮತ. ನೋಹನನ್ನು ಅದಕ್ಕೆ ಉದಾಹರಣೆಯಾಗಿ ತೋರಿಸುತ್ತಾರೆ. ಕುಡಿಯಲು ಕರೆದವನಿಗೂ ಅದೇ ಅಳತೆಗೋಲು: ಅತಿಥಿಗೆ ಅದು ತಲೆಗೇರುವುದೆಂದು ತಿಳಿಯದಿದ್ದರೆ ಅವನೂ ನಿರ್ದೋಷಿ, ತಿಳಿದಿದ್ದರೆ ಅವನಿಗೆ ವಿನಾಯಿತಿಯಿಲ್ಲ. ಹಾಗಾದರೆ ಒಂದೇ ಲೋಟದ ಎರಡು ಬದಿಗಳಲ್ಲಿ ಅರಿವು ಸಮನಾಗಿಲ್ಲದಿದ್ದಾಗ, ಹೊಣೆ ಅರಿತವನ ಕಡೆಗೆ ವಾಲುತ್ತದೆ.

"ಕಾನಾ ಊರಿನ ಮದುವೆಯಲ್ಲಿ ಪ್ರಭುವೇ ದ್ರಾಕ್ಷಾರಸ ಕೊಡಲಿಲ್ಲವೇ?" ಎಂದು ನೀವು ಕೇಳಬಹುದು. ನಿಜ, ಕೊಟ್ಟರು. ಧರ್ಮಸಭೆ ದ್ರಾಕ್ಷಾರಸವನ್ನು ಸ್ವತಃ ಕೆಟ್ಟದ್ದೆಂದು ಎಂದೂ ಹೇಳಿಲ್ಲ. ಆದರೆ ಅಲ್ಲಿ ದ್ರಾಕ್ಷಾರಸ ದ್ರಾಕ್ಷಾರಸವಾಗಿಯೇ ಬಂತು. ಔತಣದ ಮೇಲ್ವಿಚಾರಕ ರುಚಿ ನೋಡಿದ ಕ್ಷಣವೇ ಅದನ್ನು ಗುರುತಿಸಿದ. ಅದೇ ಧರ್ಮಗ್ರಂಥದಲ್ಲಿ ಸಂತ ಪೌಲರು ರೋಮ್ ನಗರದ ವಿಶ್ವಾಸಿಗಳಿಗೆ ಬರೆಯುತ್ತಾ, ಸಹೋದರನು ಎಡವುವುದಾದರೆ ದ್ರಾಕ್ಷಾರಸವನ್ನು ತ್ಯಜಿಸುವುದೇ ಲೇಸು ಎಂಬರ್ಥದ ಮಾತನ್ನೂ ಹೇಳಿದ್ದಾರೆ. ಕಾನಾ ಊರನ್ನು ನೆನೆಯುವವರು ಈ ಮಾತನ್ನೂ ನೆನೆಯಬೇಕು.

ನಮ್ಮ ಸೀಮೆಯ ಆತಿಥ್ಯದಲ್ಲಿ ಒತ್ತಾಯವೇ ಪ್ರೀತಿಯ ಭಾಷೆ. "ಇನ್ನೊಂದು ಹೋಳಿಗೆ, ನಮ್ಮ ಮೇಲಾಣೆ" ಎಂದು ಬಡಿಸುತ್ತೇವೆ. ಬೇಡವೆಂದವರ ಎಲೆಗೂ ತುಪ್ಪ ಸುರಿಯುತ್ತೇವೆ. ಇದು ಚೆಲುವಾದ ರೂಢಿ. ಆದರೆ ಅದೇ ರೂಢಿ ಹೋಳಿಗೆಯಿಂದ ಮದ್ಯಕ್ಕೆ ಜಾರಿದಾಗ ಪ್ರೀತಿಯ ಭಾಷೆಯೇ ಬಲಾತ್ಕಾರದ ಭಾಷೆಯಾಗುತ್ತದೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತವೆಂದರೆ ಬೀದಿಯ ಸಾರಾಯಿ ಪಾಕೀಟು, ನಮ್ಮ ಪಡಸಾಲೆಯ ಗಾಜಿನ ಲೋಟದಲ್ಲಿರುವುದು ಸಂಭ್ರಮ ಎಂದು ನಾವು ನಂಬಿಕೊಂಡಿದ್ದರೆ, ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಇಳಕಲ್ಲಿನ ಮಠದ ಡಾ. ಮಹಾಂತ ಸ್ವಾಮೀಜಿಯವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ಅಲೆದು, ಕಾಸು ಕಾಳುಗಳನ್ನಲ್ಲ, ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅಂಥ ಜೋಳಿಗೆಗೆ ತಮ್ಮ ಚಟವನ್ನು ಹಾಕಿ ಹಗುರಾದವರು ನಮ್ಮ ನೆಂಟರಲ್ಲಿಯೂ ಇರುತ್ತಾರೆ. ಜೋಳಿಗೆಗೆ ಹಾಕಿದ್ದನ್ನು ಶರಬತ್ತಿನ ವೇಷದಲ್ಲಿ ಮತ್ತೆ ಅವರ ಕೈಗಿಡುವ ಹಕ್ಕು ನಮಗಿದೆಯೇ?

ಎಲ್ಲರೂ ಮದ್ಯವನ್ನು ಸಂಪೂರ್ಣವಾಗಿ ವರ್ಜಿಸಿರಿ ಎಂದು ನಾನು ಇಲ್ಲಿ ಆಜ್ಞಾಪಿಸುತ್ತಿಲ್ಲ. ಮದ್ಯಪಾನದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ನೆನಪಿಸುತ್ತೇನೆ, ಅಷ್ಟೇ. ಆದರೂ ಇಡುವವರು ಅದರ ಹೆಸರನ್ನು ಬಾಯಿಬಿಟ್ಟು ಹೇಳಲಿ. ಬೇರೆ ಮೇಜಿನ ಮೇಲೆ, ಮಕ್ಕಳ ಕೈಗೆ ಎಟುಕದಂತೆ ಇಡಲಿ. ಎಷ್ಟು ಬೆರೆಸಿದ್ದೇವೆಂದು ಅಳೆದಿರಲಿ. ಅಷ್ಟೇ ಅಕ್ಕರೆಯಿಂದ ಮಾಡಿದ ಮಜ್ಜಿಗೆ, ಪಾನಕಗಳೂ ಜೊತೆಗಿರಲಿ. ಬೇಡವೆಂದವರನ್ನು ಏಕೆಂದು ಕೇಳದಿರಲಿ. ಕುಡಿದವರು ರಾತ್ರಿ ಬೈಕ್ ಏರಿ ಮುಂಡರಗಿಯ ದಾರಿ ಹಿಡಿಯದಂತೆ ಮನೆಯಲ್ಲಿಯೇ ಚಾಪೆ ಹಾಸಲಿ.

ಆ ಹುಡುಗನಲ್ಲಿ ಕೇಡಿನ ಉದ್ದೇಶವಿರಲಿಲ್ಲ. ಸಂಗತಿ ತಿಳಿದಾಗ ಅವನು ಹಿರಿಯರ ಕಾಲು ಹಿಡಿದು ಅತ್ತ. ತಾನು ತಿಳಿದದ್ದನ್ನು ತಿಳಿಸಬೇಕಿತ್ತು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ನಮ್ಮಲ್ಲಿ ಬಹುಪಾಲು ಜನರ ತಪ್ಪು ಇಂಥದೇ.

ಬೇವಿನ ಮರದ ಕೆಳಗೆ ಕೇಳಿದ ಪ್ರಶ್ನೆಗೆ ನಾನು ಅಂದು ತಡವರಿಸಿದೆ. ಇಂದು ಉತ್ತರಿಸಬಲ್ಲೆ: ಹಿರಿಯರೇ, ಮೊದಲ ಅರ್ಧ ಲೋಟವನ್ನು ನಿಮಗೆ ಕುಡಿಸಲಾಯಿತು. ಉಳಿದ ಅರ್ಧವನ್ನು ಕೆಳಗಿಟ್ಟದ್ದು ಮಾತ್ರ ನೀವೇ.