ಹೊರಗಿಟ್ಟ ನೆನಪು ಯಾರದು?

ಇಳಿವಯಸ್ಸಿನಲ್ಲಿ ಅಂತರ್ಜಾಲ ಬಳಸುವವರಿಗೆ ಡಿಮೆನ್ಷಿಯಾ ಬರುವ ಸಂಭವ ಕಡಿಮೆಯೇ ಎಂಬುದು ಮೇಲ್ನೋಟಕ್ಕೆ ವೈದ್ಯರ ಪ್ರಶ್ನೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆರಂಭದಲ್ಲಿ ಕಾಯಿಲೆಯಿಲ್ಲದಿದ್ದ, 50ರಿಂದ 65ರೊಳಗಿನ 18,154 ಅಮೆರಿಕನ್ನರ ಮಾಹಿತಿಯನ್ನು ಪರಿಶೀಲಿಸಿತು. ನಿಯಮಿತವಾಗಿ ಅಂತರ್ಜಾಲ ಬಳಸುತ್ತಿದ್ದವರಲ್ಲಿ ಕಾಯಿಲೆಯ ಅಪಾಯ ಉಳಿದವರಲ್ಲಿದ್ದುದರ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಹಾಗೆಂದು ಅಂತರ್ಜಾಲವೇ ಮಿದುಳನ್ನು ಕಾಪಾಡಿತು ಎನ್ನಲಾಗದು. ಮರೆವು ಒಳಗೊಳಗೇ ಶುರುವಾದವರು ಕಂಪ್ಯೂಟರನ್ನು ಮೊದಲೇ ಬಿಟ್ಟಿರಬಹುದು; ಓದು, ಹಣಕಾಸಿನ ಅನುಕೂಲ, ಜನಸಂಪರ್ಕ ಇದ್ದವರೇ ಅದನ್ನು ಹೆಚ್ಚಾಗಿ ಬಳಸುತ್ತಿರಲೂಬಹುದು.

ಈ ಲೆಕ್ಕದ ಹಿಂದೆ, ನೆನಪನ್ನು ಹೊರಗಿನ ಸಾಧನಕ್ಕೆ ಒಪ್ಪಿಸಬಹುದೇ ಎಂಬ ಹಳೆಯದೊಂದು ತಕರಾರಿದೆ. ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ ಬರಹವನ್ನು ಕಂಡುಹಿಡಿದ ಥ್ಯೂತ್ ದೇವತೆ ಅದನ್ನು ನೆನಪಿನ ಮದ್ದೆಂದು ಕೊಂಡಾಡುತ್ತಾನೆ. ಇದರಿಂದ ಮರೆವೇ ಹೆಚ್ಚೀತು ಎನ್ನುತ್ತಾ ಈಜಿಪ್ಟಿನ ಅರಸ ಥಾಮಸ್ ಅದನ್ನು ತಳ್ಳಿಹಾಕುತ್ತಾನೆ. ಮೊಬೈಲ್ ಬಂದ ಮೇಲೆ ಫೋನ್ ನಂಬರುಗಳೂ ನೆನಪಿರುವುದಿಲ್ಲ ಎಂದು ಗೊಣಗುವವರೆಲ್ಲ ಆ ಅರಸನ ಪಕ್ಷದವರೇ.

ಎದುರು ವಾದವನ್ನು ತತ್ತ್ವಜ್ಞಾನಿಗಳಾದ ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್ 1998ರಲ್ಲಿ ಮಂಡಿಸಿದರು. ಅವರು ಕಲ್ಪಿಸಿದ ಆಟೋ ಎಂಬಾತನಿಗೆ ಆಲ್ಝೈಮರ್ ಕಾಯಿಲೆ. ವಸ್ತುಸಂಗ್ರಹಾಲಯಕ್ಕೆ ಹೋಗಬೇಕೆಂದರೆ ಇಂಗಾ ಎಂಬಾಕೆ ದಾರಿಯನ್ನು ನೆನಪಿಸಿಕೊಳ್ಳುತ್ತಾಳೆ. ಆಟೋ ಸದಾ ಜೊತೆಗಿರುವ ಟಿಪ್ಪಣಿ ಪುಸ್ತಕ ತೆಗೆದು, ಅದು 53ನೇ ಬೀದಿಯಲ್ಲಿದೆ ಎಂದು ಓದಿಕೊಂಡು ಹೊರಡುತ್ತಾನೆ. ಇಬ್ಬರಲ್ಲೂ ನಡೆದ ಕೆಲಸ ಒಂದೇ ಆದ್ದರಿಂದ ಆ ಪುಸ್ತಕವೂ ಆಟೋನ ಮನಸ್ಸಿನ ಭಾಗ ಎಂಬುದು ಅವರ ವಾದ. ಚತುರ ವಾದವೇನೋ ಹೌದು. ಆದರೆ ಪುಸ್ತಕವೊಂದು ಇದೆ, ಅದು ತನ್ನದು, ಅದನ್ನು ನಂಬಬಹುದು ಎಂಬಷ್ಟಾದರೂ ಆಟೋಗೆ ನೆನಪಿರಬೇಕು. ಕಾಯಿಲೆ ಬಲಿತಾಗ ಹೋಗುವುದು ಅದೇ.

ಹಾಗಾದರೆ ನೆನಪು ಅಳಿದ ಮೇಲೆ ಮನುಷ್ಯ ಅವನೇ ಆಗಿ ಉಳಿಯುತ್ತಾನೆಯೇ? ತತ್ತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ವ್ಯಕ್ತಿಯ ಏಕತೆಯನ್ನು ಪ್ರಜ್ಞೆಗೆ, ಅಂದರೆ ಹಿಂದಿನದನ್ನು ತನ್ನದೆಂದು ಅರಿಯುವುದಕ್ಕೆ, ಕಟ್ಟಿಹಾಕಿದ. ಆ ಅಳತೆಗೋಲು ರೋಗಿಯ ಮಟ್ಟಿಗೆ ನಿರ್ದಯವಾದದ್ದು. ಅದ್ವೈತ ಇನ್ನೊಂದು ತುದಿಗೆ ಹೋಗುತ್ತದೆ: ಸ್ಮೃತಿ ಅಂತಃಕರಣದ, ಅಂದರೆ ಮನಸ್ಸಿನ, ವೃತ್ತಿ; ಎಲ್ಲವನ್ನೂ ಸುಮ್ಮನೆ ಕಾಣುವ ಸಾಕ್ಷಿಗೆ ಅದರ ಹಂಗಿಲ್ಲ. ಆದರೆ ಸಾಕ್ಷಿಗೆ ಹೆಸರೂ ಇಲ್ಲ, ಮಕ್ಕಳೂ ಇಲ್ಲ. ತನ್ನನ್ನು ಗುರುತಿಸದ ತಂದೆಗೆ ಅನ್ನ ತಿನ್ನಿಸುವ ಮಗಳಿಗೆ ಈ ಉತ್ತರದಿಂದ ಸಿಗುವ ಸಮಾಧಾನ ಅಷ್ಟಕ್ಕಷ್ಟೇ.

ನ್ಯಾಯದರ್ಶನದ ದಾರಿ ಹೆಚ್ಚು ಉಪಯುಕ್ತ. ಅಂದು ಕಂಡದ್ದನ್ನೇ ಇಂದು ಮುಟ್ಟುತ್ತಿದ್ದೇನೆ ಎಂಬ ಅರಿವಿನಿಂದ ನೈಯಾಯಿಕರು ಆತ್ಮವನ್ನು ಊಹಿಸುತ್ತಾರೆ. ನೆನಪು ಇಲ್ಲಿ ಆತ್ಮದ ಗುರುತು, ಆತ್ಮವೇ ಅಲ್ಲ. ಹೊಗೆ ಬೆಂಕಿಯ ಗುರುತಾದರೂ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದೆಯೂ ಬೆಂಕಿಯಿರುತ್ತದೆ ಎಂಬುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ಗುರುತು ಕಾಣದಿದ್ದರೆ ವಸ್ತುವೂ ಇಲ್ಲವೆಂದಾಗದು. ಇನ್ನು ಹೊರಗಿನ ಸಾಧನಗಳ ವಿಚಾರ. ನ್ಯಾಯಸೂತ್ರದ ಮೂರನೆಯ ಅಧ್ಯಾಯ ಅಭ್ಯಾಸ, ಚಿಹ್ನೆ, ಹೋಲಿಕೆ ಎಂದು ನೆನಪನ್ನು ಎಬ್ಬಿಸುವ ಇಪ್ಪತ್ತಕ್ಕೂ ಹೆಚ್ಚು ಕಾರಣಗಳನ್ನು ಪಟ್ಟಿ ಮಾಡುತ್ತದೆ. ಮೊಬೈಲಿನಲ್ಲಿರುವ ಮೊಮ್ಮಗನ ಫೋಟೋ, ಮಾತ್ರೆಯ ಹೊತ್ತಿಗೆ ಬಡಿಯುವ ಅಲಾರಂ ಈ ಸಾಲಿಗೇ ಸೇರುತ್ತವೆ. ಅವು ಒಳಗಿನ ಸಂಸ್ಕಾರವನ್ನು, ಅಂದರೆ ಅನುಭವ ಬಿಟ್ಟುಹೋದ ಅಚ್ಚನ್ನು, ಎಬ್ಬಿಸಬಲ್ಲವು, ಅದರ ಜಾಗದಲ್ಲಿ ಕೂರಲಾರವು. ಈ ಲೆಕ್ಕದಲ್ಲಿ ಆಟೋನ ಪುಸ್ತಕ ಅವನ ಮನಸ್ಸಿನ ಭಾಗವಲ್ಲ; ಓದಿ ‘ಇದು ನನ್ನದು’ ಎನ್ನುವವನೊಬ್ಬ ಬೇರೆಯೇ ಇರಬೇಕು.