ಸದ್ಗ್ರಂಥದ ಪರೀಕ್ಷೆ

ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆ ಮತ್ತು ಗುರೂಪಾಸ್ತಿಗಳ ನಂತರ ಸ್ವಾಧ್ಯಾಯವನ್ನು ಹೇಳಿದೆ. ಆರು ಬಗೆಯ ಅಂತರಂಗ ತಪಸ್ಸುಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಚತುರ್ವಿಧ ದಾನಗಳಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರದಾನವೂ ಸೇರಿದೆ. ಹೀಗೆ ಓದುವುದೂ ಕರ್ತವ್ಯ, ಓದಿಸುವುದೂ ಕರ್ತವ್ಯ. ಆದರೆ ಯಾವುದನ್ನು ಓದಬೇಕು, ಯಾವುದನ್ನು ಓದಿಸಬೇಕು ಎಂಬ ಪ್ರಶ್ನೆ ಬಂದಾಗ ಧರ್ಮಶ್ರದ್ಧೆಯುಳ್ಳ ಮನೆಗಳಲ್ಲಿಯೂ ಗೊಂದಲ ಉಂಟಾಗುತ್ತದೆ. ಕಾಲೇಜಿಗೆ ಹೋಗುವ ಮಗಳು ಕಾದಂಬರಿಯೊಂದನ್ನು ಹಿಡಿದು ಕುಳಿತರೆ ಹಿರಿಯರು ಅದನ್ನು ವಿಕಥೆ ಎನ್ನುತ್ತಾರೆ. ಬಸದಿಯ ಟ್ರಸ್ಟಿನಲ್ಲಿ ಗ್ರಂಥಭಂಡಾರಕ್ಕೆಂದು ಯಾರೋ ಪುಣ್ಯಾತ್ಮರು ಹಣ ಕೊಟ್ಟರೆ, ಈಗಾಗಲೇ ಕಪಾಟಿನಲ್ಲಿರುವ ಪುರಾಣವೇ ಇನ್ನೊಂದು ಮುದ್ರಣದಲ್ಲಿ ಬಂದು ಸೇರುತ್ತದೆ. ಮಗಳ ಪ್ರಶ್ನೆಗೂ ದಾನಿಯ ಹಣಕ್ಕೂ ತಕ್ಕ ಉತ್ತರ ದೊರೆಯುವುದಿಲ್ಲ.

ಈ ವಿಷಯದಲ್ಲಿ ಎರಡು ಸುಲಭದ ಉತ್ತರಗಳು ಪ್ರಚಾರದಲ್ಲಿವೆ. ಶಾಸ್ತ್ರವನ್ನು ಬಿಟ್ಟು ಉಳಿದದ್ದೆಲ್ಲ ಕಾಲಹರಣ ಎಂಬುದು ಮೊದಲನೆಯದು. ಯಾವುದಾದರೇನು, ಓದಿದರೆ ಸಾಕು ಎಂಬುದು ಎರಡನೆಯದು. ಇವೆರಡೂ ಪರೀಕ್ಷೆಯ ಶ್ರಮವನ್ನು ತಪ್ಪಿಸುವ ಉಪಾಯಗಳು. ಧಾನ್ಯದ ವ್ಯಾಪಾರಿಯು ಚೀಲದ ಮೇಲಿನ ಮುದ್ರೆಯನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಹಾಗೆಂದು ಎಲ್ಲ ಚೀಲಗಳನ್ನೂ ಒಂದೇ ಬೆಲೆಗೆ ಕೊಳ್ಳುವುದೂ ಇಲ್ಲ.

ವಿಕಥೆ ಎಂಬ ಮಾತಿನ ಅರ್ಥವನ್ನು ಮೊದಲು ತಿಳಿಯಬೇಕು. ಸ್ತ್ರೀಕಥೆ, ಭೋಜನಕಥೆ, ರಾಜಕಥೆ, ಚೋರಕಥೆ ಎಂದು ವಿಕಥೆಗಳು ನಾಲ್ಕು. ಕೆಲವು ಪಟ್ಟಿಗಳಲ್ಲಿ ದೇಶಕಥೆಯೂ ಬರುತ್ತದೆ. ಕೇವಲ ವಿಷಯವನ್ನು ನೋಡಿ ಈ ಹೆಸರುಗಳನ್ನು ಅನ್ವಯಿಸಿದರೆ ಜೈನ ಪುರಾಣಗಳಲ್ಲಿ ಬಹುಭಾಗವನ್ನು ತೆಗೆದುಹಾಕಬೇಕಾಗುತ್ತದೆ. ಅಲ್ಲಿ ಸ್ತ್ರೀಯರಿಲ್ಲವೇ, ರಾಜರಿಲ್ಲವೇ, ಕಳ್ಳರಿಲ್ಲವೇ? ಜನ್ನನು ಕ್ರಿ.ಶ. 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ರಾಣಿಯು ಮಾವುತನಲ್ಲಿ ಮೋಹಗೊಳ್ಳುತ್ತಾಳೆ, ಗಂಡನಿಗೂ ಅತ್ತೆಗೂ ವಿಷವಿಡುತ್ತಾಳೆ. ವಿಷಯವನ್ನಷ್ಟೇ ತೂಗಿದರೆ ಇದಕ್ಕಿಂತ ದೊಡ್ಡ ವಿಕಥೆ ಬೇರೊಂದಿಲ್ಲ. ಆದರೂ ಶತಮಾನಗಳಿಂದ ಶ್ರಾವಕರು ಅದನ್ನು ಓದಿ ಸಂಸಾರದ ವಿಷಯದಲ್ಲಿ ನಿರ್ವೇಗವನ್ನು ಪಡೆದಿದ್ದಾರೆ. ಧರ್ಮಕಥೆಯ ಭೇದಗಳನ್ನು ಹೇಳುವಾಗ ಆಚಾರ್ಯರು ಸಂವೇಜನಿ, ನಿರ್ವೇಜನಿ ಎಂದು ಹೆಸರಿಟ್ಟಿದ್ದಾರೆ. ಈ ಹೆಸರುಗಳು ಕಥೆಯ ವಸ್ತುವಿನಿಂದ ಬಂದವಲ್ಲ. ಕೇಳಿದವನ ಆತ್ಮದಲ್ಲಿ ಆಗುವ ಪರಿಣಾಮದಿಂದ ಬಂದವು. ವಿಕಥೆಯನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ.

ಆ ಕಾವ್ಯದ ಮುಖ್ಯ ಘಟನೆಯೇ ಈ ಪ್ರಶ್ನೆಗೆ ದೀಪ ಹಿಡಿಯುತ್ತದೆ. ಜೀವಬಲಿಗೆ ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಮಾಡಿಸಿ ಬಲಿ ಕೊಡುತ್ತಾನೆ. ಕೋಳಿ ಕೃತಕ, ಕೊಲ್ಲುವ ಸಂಕಲ್ಪ ಮಾತ್ರ ಕೃತಕವಲ್ಲ. ಆ ಭಾವಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಗತಿಯಲ್ಲಿ ಹಲವು ಜನ್ಮಗಳನ್ನು ಅನುಭವಿಸುತ್ತಾರೆ. ಓದುವವನಿಗೂ ಈ ನಿಯಮ ತಪ್ಪಿದ್ದಲ್ಲ. ಕಾದಂಬರಿಯ ಪಾತ್ರಗಳು ಹಿಟ್ಟಿನ ಕೋಳಿಯಂತೆ ಕಲ್ಪಿತವಾಗಿರಬಹುದು. ಅದನ್ನು ಓದುವಾಗ ಹುಟ್ಟುವ ಕರುಣೆ, ಕ್ರೋಧ, ಲೋಭ, ಪಶ್ಚಾತ್ತಾಪಗಳು ಕಲ್ಪಿತವಲ್ಲ. ಆದ್ದರಿಂದ 'ಬರೀ ಕಥೆ ತಾನೆ' ಎಂದು ಕಾದಂಬರಿಯನ್ನು ಹಗುರವಾಗಿ ಕಾಣುವವರೂ, 'ಬರೀ ಕಥೆ' ಎಂದು ತಳ್ಳಿಹಾಕುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಅನ್ಯರ ನೋವನ್ನು ತನ್ನದೆಂದು ಅರಿಯುವಂತೆ ಮಾಡುವ ಕಥೆ ಅಹಿಂಸೆಯ ಅಭ್ಯಾಸವೇ ಆಗುತ್ತದೆ. ಕ್ರೌರ್ಯದಲ್ಲಿ ರುಚಿ ಹುಟ್ಟಿಸುವ ಕಥೆ ಅದರ ವಿರುದ್ಧದ ಅಭ್ಯಾಸ.

ಕಲ್ಪಿತ ಕಥೆ ಸತ್ಯವ್ರತಕ್ಕೆ ವಿರೋಧವಲ್ಲವೇ ಎಂಬ ಶಂಕೆ ಇಲ್ಲಿ ಸಹಜ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಕೂಟಲೇಖವೆಂದರೆ ಮೋಸದ ಬರಹ. ಸುಳ್ಳು ಲೆಕ್ಕ, ಸುಳ್ಳು ಪತ್ರ. ಕಾದಂಬರಿಕಾರನು ತನ್ನ ಬರಹವನ್ನು ಕಾದಂಬರಿಯೆಂದೇ ಹೇಳಿ ಓದುಗನ ಕೈಗಿಡುತ್ತಾನೆ. ಅಲ್ಲಿ ಮೋಸ ಹೋಗುವವರಿಲ್ಲ. ಆದರೆ ನಿಜವೆಂಬ ಹಣೆಪಟ್ಟಿಯೊಡನೆ ಬರುವ ಪುಸ್ತಕಗಳಲ್ಲಿ ಈ ಅತಿಚಾರಗಳಿಗೆ ಎಡೆ ಹೆಚ್ಚು. ಸರ್ವರೋಗಗಳಿಗೂ ಒಂದೇ ಮದ್ದೆಂದು ಹೇಳುವ ಆರೋಗ್ಯದ ಪುಸ್ತಕ ಮಿಥ್ಯೋಪದೇಶ. ಸತ್ತವರ ಗುಟ್ಟುಗಳನ್ನು ಸಂತೆಗಿಡುವ ಜೀವನಚರಿತ್ರೆ ರಹೋಭ್ಯಾಖ್ಯಾನ. ಬೇಕಾದ ಅಂಕಿಗಳನ್ನು ಜಮೆಗೆ ಹಿಡಿದು ಬೇಡವಾದವನ್ನು ಬಿಟ್ಟು, ಒಂದು ಜನಾಂಗದ ಮೇಲೆ ದ್ವೇಷ ಹುಟ್ಟುವಂತೆ ಬರೆದ ಇತಿಹಾಸ ಕೂಟಲೇಖ. ಅದರ ಒಂದೊಂದು ವಾಕ್ಯವೂ ನಿಜವಾಗಿದ್ದರೂ ಒಟ್ಟು ಲೆಕ್ಕ ಸುಳ್ಳೇ. ಕಥೆ ಸುಳ್ಳು, ಉಳಿದದ್ದು ಸತ್ಯ ಎಂಬ ವಿಭಾಗವು ಇದರಿಂದ ನಿಲ್ಲುವುದಿಲ್ಲ.

ಈ ಶಂಕೆಯನ್ನು ತನ್ನ ಬಾಳಿನಲ್ಲಿಯೇ ಅನುಭವಿಸಿದ ವ್ಯಾಪಾರಿಯೊಬ್ಬನ ಚರಿತ್ರೆ ಜೈನ ಸಾಹಿತ್ಯದಲ್ಲಿದೆ. ಕ್ರಿ.ಶ. 1586ರಲ್ಲಿ ಉತ್ತರ ಭಾರತದ ಜೌನಪುರದಲ್ಲಿ ಹುಟ್ಟಿದ ಬನಾರಸೀದಾಸನು ರತ್ನವ್ಯಾಪಾರದ ಮನೆತನದವನು. 1641ರಲ್ಲಿ ಅವನು ಬರೆದ 'ಅರ್ಧಕಥಾನಕ' ಭಾರತೀಯ ಭಾಷೆಗಳ ಮೊದಲ ಆತ್ಮಕಥೆಗಳಲ್ಲಿ ಒಂದೆಂದು ಮಾನ್ಯವಾಗಿದೆ. ಹದಿಹರೆಯದಲ್ಲಿ ಅವನು ಶೃಂಗಾರವೇ ಪ್ರಧಾನವಾದ ಸಾವಿರ ಪದ್ಯಗಳ ಗ್ರಂಥವೊಂದನ್ನು ರಚಿಸಿದ್ದನು. ಕೆಲವು ವರ್ಷಗಳ ನಂತರ ಒಂದು ದಿನ ಗೋಮತಿ ನದಿಯ ಸೇತುವೆಯ ಮೇಲೆ ಗೆಳೆಯರಿಗೆ ಅದನ್ನು ಓದಿ ಹೇಳುತ್ತಿರುವಾಗ, ಒಂದು ಸುಳ್ಳಾಡಿದವನಿಗೇ ದುರ್ಗತಿಯಾದರೆ ಇಷ್ಟು ಸುಳ್ಳುಗಳನ್ನು ಪೋಣಿಸಿದವನ ಗತಿಯೇನು ಎಂಬ ಭಯ ಹುಟ್ಟಿ, ಇಡೀ ಹಸ್ತಪ್ರತಿಯನ್ನು ನೀರಿಗೆ ಎಸೆದನು.

ಅಲ್ಲಿಗೆ ಅವನಿಗೂ ಕಥೆಗೂ ಸಂಬಂಧ ಮುಗಿಯಲಿಲ್ಲ. ಮುಂದೆ ಆಗ್ರಾದಲ್ಲಿ ವ್ಯಾಪಾರ ಕೆಟ್ಟು ಕೈ ಬರಿದಾದಾಗ, ರಾತ್ರಿಯ ವೇಳೆ 'ಮಧುಮಾಲತೀ', 'ಮೃಗಾವತೀ' ಎಂಬ ಪ್ರೇಮಕಥಾಕಾವ್ಯಗಳನ್ನು ಹತ್ತಿಪ್ಪತ್ತು ಮಂದಿಗೆ ಓದಿ ಹೇಳುತ್ತಿದ್ದನು. ಇವು ಸೂಫಿ ಕವಿಗಳು ಅವಧೀ ಭಾಷೆಯಲ್ಲಿ ರಚಿಸಿದ ಕಾವ್ಯಗಳು. ಕೇಳಲು ಬರುತ್ತಿದ್ದ ಕಚೋರಿ ಅಂಗಡಿಯವನು ತಿಂಗಳುಗಟ್ಟಲೆ ಅವನಿಗೆ ಸಾಲದಲ್ಲಿ ಊಟ ಕೊಟ್ಟು, ಇರುವ ಸ್ಥಿತಿಯನ್ನು ತಿಳಿದ ಮೇಲೂ ಹಣಕ್ಕಾಗಿ ಪೀಡಿಸಲಿಲ್ಲ. ಅನ್ಯಮತದ ಕವಿಯ ಕಥೆ ಕಷ್ಟಕಾಲದಲ್ಲಿ ಜನರನ್ನು ಒಂದು ದೀಪದ ಸುತ್ತ ಕೂಡಿಸಿತು ಎಂಬುದನ್ನು ಬನಾರಸೀದಾಸನು ಮರೆಮಾಡದೆ ಬರೆದಿದ್ದಾನೆ.

ಅವನಿಗೆ ನಿಜವಾದ ಅಪಾಯ ಬಂದದ್ದು ಪ್ರೇಮಕಥೆಯಿಂದಲ್ಲ ಎಂಬುದು ಗಮನಿಸತಕ್ಕ ಸಂಗತಿ. 1623ರ ಸುಮಾರಿಗೆ ಕುಂದಕುಂದಾಚಾರ್ಯರ 'ಸಮಯಸಾರ'ವು ರಾಜಮಲ್ಲರ ಭಾಷಾಟೀಕೆಯೊಡನೆ ಅವನ ಕೈಗೆ ಬಂತು. ಅದಕ್ಕಿಂತ ಉತ್ತಮವಾದ ಗ್ರಂಥ ಯಾವುದಿದೆ? ಆದರೆ ನಿಶ್ಚಯನಯದ ಮಾತನ್ನು ವ್ಯವಹಾರನಯದ ಆಸರೆಯಿಲ್ಲದೆ ಹಿಡಿದ ಅವನು ಜಪ, ತಪ, ಸಾಮಾಯಿಕ, ಪ್ರತಿಕ್ರಮಣಗಳನ್ನು ಬಿಟ್ಟನು. ಗೆಳೆಯರೊಡನೆ ಕೋಣೆಯಲ್ಲಿ ಬೆತ್ತಲೆ ನಿಂತು ತಾವೇ ಮುನಿಗಳೆಂದು ಆಟವಾಡುವ ಮಟ್ಟಕ್ಕೆ ಇಳಿದನು. ಹಲವು ವರ್ಷಗಳ ನಂತರ, 1635ರ ಹೊತ್ತಿಗೆ, ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು 'ಗೊಮ್ಮಟಸಾರ'ವನ್ನು ವ್ಯಾಖ್ಯಾನಿಸಿದಾಗ ಅವನ ಕಣ್ಣು ತೆರೆಯಿತು. ಗುಣಸ್ಥಾನಕ್ಕೆ ತಕ್ಕಂತೆ ಕ್ರಿಯೆ ಎಂಬ ಕ್ರಮವನ್ನು ಅರಿತ ಮೇಲೆ ಸಮಯಸಾರವೂ ಅವನಿಗೆ ಸರಿಯಾಗಿ ಅರ್ಥವಾಯಿತು. ಮರುವರ್ಷ 'ಸಮಯಸಾರ ನಾಟಕ'ವನ್ನು ರಚಿಸಿದನು. ಗ್ರಂಥ ಮೊದಲಿನದೇ, ಓದುಗನು ಬದಲಾಗಿದ್ದನು. ಮಹಾಶಾಸ್ತ್ರವೂ ಕ್ರಮ ತಪ್ಪಿ, ಕೇಳುವವರಿಲ್ಲದೆ ಓದಿದರೆ ಕೆಡುಕಾದೀತು ಎಂಬ ಪಾಠ ಇಲ್ಲಿದೆ.

ಬನಾರಸೀದಾಸನನ್ನು ಎತ್ತಿದ ಆ ಗ್ರಂಥ ಕನ್ನಡ ನೆಲದ್ದು. ಶ್ರವಣಬೆಳಗೊಳದ ಸಂಬಂಧವುಳ್ಳ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ಚಾವುಂಡರಾಯನಿಗಾಗಿ ಅದನ್ನು ರಚಿಸಿದರು. ಚಾವುಂಡರಾಯನು ಸೇನಾಪತಿ, ಗೃಹಸ್ಥ. ಅವನಿಗೆ ತಕ್ಕಂತೆ, ಅವನ ಜಿಜ್ಞಾಸೆಗೆ ಉತ್ತರವಾಗಿ, ವಿಸ್ತಾರವಾದ ಸಿದ್ಧಾಂತವನ್ನು ಸಂಗ್ರಹಿಸಿ ಕೊಟ್ಟದ್ದರಿಂದಲೇ ಅದು ಆರು ಶತಮಾನಗಳ ಆಚೆ ಇನ್ನೊಬ್ಬ ಗೃಹಸ್ಥನ ಕೈ ಹಿಡಿಯಿತು. ಕೇಶವವರ್ಣಿಯು 1359ರಲ್ಲಿ ಅದಕ್ಕೆ ಕನ್ನಡದಲ್ಲಿಯೇ ವೃತ್ತಿ ಬರೆದನು.

ಇದರಿಂದ, ಒಳ್ಳೆಯ ಪುಸ್ತಕ ದೊರೆಯುವ ಬಗೆ ಯಾವುದು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಸ್ವಾಧ್ಯಾಯದ ಐದು ಅಂಗಗಳಲ್ಲಿ ವಾಚನೆಯ ನಂತರ ಬರುವುದು ಪೃಚ್ಛನೆ, ಎಂದರೆ ಕೇಳುವುದು. ತನ್ನ ಪ್ರಶ್ನೆಯನ್ನು ಬಲ್ಲವರ ಮುಂದಿಟ್ಟವನಿಗೆ ತಕ್ಕ ಗ್ರಂಥ ದೊರೆಯುತ್ತದೆ. ದಕ್ಷಿಣ ಆಫ್ರಿಕದಲ್ಲಿ ಧರ್ಮಸಂಶಯಕ್ಕೆ ಒಳಗಾದ ಗಾಂಧೀಜಿಯವರು 1894ರಲ್ಲಿ ಮುಂಬಯಿಯ ರತ್ನವ್ಯಾಪಾರಿ ಶ್ರೀಮದ್ ರಾಜಚಂದ್ರರಿಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿದರು. ರಾಜಚಂದ್ರರು ಉತ್ತರ ಬರೆದದ್ದಲ್ಲದೆ ಪುಸ್ತಕಗಳನ್ನೂ ಕಳುಹಿಸಿದರು. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಹೆಸರಿಸಿರುವ ಆ ಪುಸ್ತಕಗಳಲ್ಲಿ ಹರಿಭದ್ರಸೂರಿಗಳ 'ಷಡ್ದರ್ಶನಸಮುಚ್ಚಯ' ಇದೆ. ಅದರ ಜೊತೆಗೆ 'ಪಂಚೀಕರಣ', 'ಮಣಿರತ್ನಮಾಲಾ', ಯೋಗವಾಸಿಷ್ಠದ ಮುಮುಕ್ಷುಪ್ರಕರಣಗಳೂ ಇವೆ. ಜೈನ ವ್ಯಾಪಾರಿಯು ವೈಷ್ಣವ ಮನೆತನದ ಮಿತ್ರನಿಗೆ ಬಹುಪಾಲು ವೇದಾಂತದ ಗ್ರಂಥಗಳನ್ನೇ ಆರಿಸಿದನು. ತನ್ನ ಅಂಗಡಿಯ ಸರಕನ್ನು ಮಾರುವ ಆತುರ ಅವನಿಗಿರಲಿಲ್ಲ. ಕೇಳಿದವನ ರೋಗವನ್ನು ನೋಡಿ ಮದ್ದು ಕೊಟ್ಟನು. ಅನೇಕಾಂತವು ಕಪಾಟಿನ ಮುಂದೆ ನಿಂತಾಗ ಹೀಗೆ ಕಾಣುತ್ತದೆ.

ಯಾವ ಯಾವ ಬಗೆಯ ಪುಸ್ತಕಗಳಿರಬೇಕು ಎಂಬುದಕ್ಕೂ ಪರಂಪರೆಯಲ್ಲಿ ಮಾದರಿಯಿದೆ. ಸಮಂತಭದ್ರಾಚಾರ್ಯರ 'ರತ್ನಕರಂಡಕ'ದಲ್ಲಿ ಶ್ರುತವನ್ನು ಪ್ರಥಮ, ಕರಣ, ಚರಣ, ದ್ರವ್ಯ ಎಂದು ನಾಲ್ಕು ಅನುಯೋಗಗಳಾಗಿ ವಿಂಗಡಿಸಿದೆ. ಚರಿತೆಗಳೂ ಪುರಾಣಗಳೂ ಮೊದಲನೆಯದು; ಲೋಕರಚನೆ, ಕಾಲಪರಿವರ್ತನೆಗಳು ಎರಡನೆಯದು; ಆಚಾರ ಮೂರನೆಯದು; ತತ್ತ್ವ ನಾಲ್ಕನೆಯದು. ಕಥೆಯನ್ನು ಹೊರಗಿಡುವುದಿರಲಿ, ಅದಕ್ಕೆ ಮೊದಲ ಸ್ಥಾನವನ್ನೇ ಕೊಟ್ಟಿದೆ. ಜೈನ ಗ್ರಂಥಕಾರರ ಆಸಕ್ತಿಯೂ ಇಷ್ಟೇ ವಿಶಾಲವಾಗಿತ್ತು. 'ವಡ್ಡಾರಾಧನೆ'ಯ ಕಥೆಗಳ ಜೊತೆಗೆ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ', ಕೀರ್ತಿವರ್ಮನ 'ಗೋವೈದ್ಯ', ವಿಷಚಿಕಿತ್ಸೆಯನ್ನು ಕುರಿತ ಮಂಗರಾಜನ 'ಖಗೇಂದ್ರಮಣಿದರ್ಪಣ'ಗಳೂ ಅವರಿಂದ ಬಂದವು. ಇಂದಿನ ಮನೆಯ ಕಪಾಟಿನಲ್ಲಿ ಪುರಾಣದ ಪಕ್ಕದಲ್ಲಿ ಮಿರ್ಜಿ ಅಣ್ಣಾರಾಯರ 'ನಿಸರ್ಗ', ಶಿವರಾಮ ಕಾರಂತರ 'ಮರಳಿ ಮಣ್ಣಿಗೆ', ಒಂದು ಒಳ್ಳೆಯ ವಿಜ್ಞಾನದ ಪುಸ್ತಕ, ಒಂದು ಪ್ರಾಮಾಣಿಕ ಆತ್ಮಕಥೆ ಇದ್ದರೆ ಅದು ಧರ್ಮಕ್ಕೆ ಹೊರತಾದ ಕಪಾಟಲ್ಲ. 'ಮರಳಿ ಮಣ್ಣಿಗೆ'ಯ ಮೂರು ತಲೆಮಾರುಗಳ ದುಡಿಮೆಯನ್ನು ಓದಿದವನು ತನ್ನ ಅಂಗಡಿಗೆ ಮೂಟೆ ಹೊತ್ತು ತರುವವನನ್ನು ಬೇರೆ ಕಣ್ಣಿನಿಂದ ನೋಡಿದರೆ, ಅದು ಚರಣಾನುಯೋಗದ ಒಂದು ಪಾಠವನ್ನು ಕಲಿತಂತೆಯೇ.

ಪರೀಕ್ಷೆಯ ಕ್ರಮ ಕಠಿನವಲ್ಲ. ಮೊದಲ ಪುಟವನ್ನಷ್ಟೇ ನೋಡದೆ ನಡುವಿನಿಂದಲೂ ಮಾದರಿ ತೆಗೆಯಬೇಕು. ಚೀಲದ ಬಾಯಲ್ಲಿ ಒಳ್ಳೆಯ ಕಾಳೇ ಇರುತ್ತದೆ. ಲೇಖಕನು ತನ್ನ ಮಾತಿಗೆ ವಿರುದ್ಧವಾದ ಪಕ್ಷವನ್ನು ನ್ಯಾಯವಾಗಿ ಹೇಳಿದ್ದಾನೆಯೇ ಎಂದು ನೋಡಬೇಕು. ಪೂರ್ವಪಕ್ಷವನ್ನು ಮುಚ್ಚಿಡುವವನ ಸಿದ್ಧಾಂತವನ್ನು ನಂಬಲಾಗದು. ಓದಿ ಮುಗಿಸಿದ ರಾತ್ರಿ, ಕಿರ್ದಿಯಲ್ಲಿ ಜಮೆ ಖರ್ಚು ಬರೆಯುವಂತೆ, ಮನಸ್ಸಿನಲ್ಲಿ ಏನು ಹೆಚ್ಚಿತು, ಏನು ಕಡಿಮೆಯಾಯಿತು ಎಂದು ಕೇಳಿಕೊಳ್ಳಬೇಕು. ರಾಗದ್ವೇಷಗಳು ಹೆಚ್ಚಿದ್ದರೆ, ಪುಸ್ತಕ ಎಷ್ಟೇ ಪ್ರಸಿದ್ಧವಾಗಿರಲಿ, ಧರ್ಮದ ಹೆಸರನ್ನೇ ಹೊತ್ತಿರಲಿ, ಅದು ನಷ್ಟದ ವ್ಯಾಪಾರ. ತಿಳಿವು, ಕ್ಷಮೆ, ವಿನಯಗಳು ಹೆಚ್ಚಿದ್ದರೆ ಅದು ಕಥೆಯಾದರೂ ಸದ್ಗ್ರಂಥವೇ.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಗರಿಗಳನ್ನು ಪೂರ್ವಿಕರು ಶತಮಾನಗಳ ಕಾಲ ಕಾಪಾಡಿದರು. ಅದಕ್ಕಾಗಿ ಜೈನ ಸಮಾಜ ಅವರಿಗೆ ಸದಾ ಋಣಿ. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಮೊದಲಾಗಿ, 1939ರಲ್ಲಿ ಪ್ರೊ. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲದ ಮೊದಲ ಸಂಪುಟ ಅಚ್ಚಾದ ಮೇಲೆ ಅವು ಮತ್ತೆ ಓದುವ ಗ್ರಂಥಗಳಾದವು. ಗಾಜಿನ ಕಪಾಟಿನಲ್ಲಿ ಬೀಗ ಹಾಕಿ, ಶ್ರುತಪಂಚಮಿಯಂದು ಮಾತ್ರ ಅರಿಶಿನ ಕುಂಕುಮ ಕಾಣುವ ಪುಸ್ತಕಗಳು ಇಂದಿಗೂ ಹಲವು ಬಸದಿಗಳಲ್ಲಿವೆ. ಟ್ರಸ್ಟಿನವರು ಆ ಬೀಗವನ್ನು ತೆಗೆಸಿ, ವಾರಕ್ಕೊಂದು ಸಂಜೆ ಹಿರಿಯರೂ ಮಕ್ಕಳೂ ಕುಳಿತು ಓದಿದ್ದನ್ನು ಒಬ್ಬರಿಗೊಬ್ಬರು ಹೇಳುವ ಏರ್ಪಾಡು ಮಾಡಿದರೆ ಶಾಸ್ತ್ರದಾನ ಪೂರ್ಣವಾಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ಪ್ರತಿ ಮಾಡಿಸಿ ಹಂಚಿದ ಪೊನ್ನನ 'ಶಾಂತಿಪುರಾಣ' ಒಂದು ಕಾವ್ಯ, ಒಂದು ಕಥೆ. ಅವಳು ಅದನ್ನು ಓದುವವರ ಕೈಗೆ ಕೊಟ್ಟಳು.