ವಿನಿಮಯ, ಬೆಲೆ, ಸುಂಕ

ಒಬ್ಬ ಗೃಹಸ್ಥನು ತನ್ನ ಬೆಲೆಬಾಳುವ ಸ್ಪೋರ್ಟ್ಸ್ ಕಾರನ್ನು ಮೋಟಾರು ವ್ಯಾಪಾರಿಗೆ ಒಪ್ಪಿಸಿ, ಅದಕ್ಕಿಂತ ಅಗ್ಗವಾದ ಸಾಧಾರಣ ಕಾರೊಂದನ್ನು ಪಡೆದು, ಮಿಕ್ಕ ಹಣವನ್ನು ಕಿಸೆಯಲ್ಲಿಟ್ಟುಕೊಂಡು ಮನೆಗೆ ಹೊರಡುತ್ತಾನೆಂದು ಭಾವಿಸೋಣ. ಈ ವ್ಯವಹಾರದಲ್ಲಿ ಅವನು ಒಂದು ಕಾಸನ್ನೂ ಎಣಿಸಿ ಕೊಟ್ಟಿಲ್ಲ. ತಾನೇ ಹಣವನ್ನು ಎಣಿಸಿಕೊಂಡಿದ್ದಾನೆ. ಆದರೂ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಅವನು ಮಾರಾಟ ತೆರಿಗೆಯ ಹೊರೆಯನ್ನು ಹೊರಬೇಕು. ಅದೇ ದೇಶದ ಟೆಕ್ಸಾಸ್ ಸಂಸ್ಥಾನದಲ್ಲಿ ಹೊರಬೇಕಾದುದಿಲ್ಲ. ಕೊಟ್ಟದ್ದು ಒಂದೇ, ತಂದದ್ದು ಒಂದೇ. ಒಂದೆಡೆ ಋಣಿ, ಇನ್ನೊಂದೆಡೆ ಋಣಮುಕ್ತ. ಇದು ಬರಿಯ ಲೆಕ್ಕದ ಮಾತೆಂದು ತಳ್ಳಿಹಾಕುವುದಕ್ಕೆ ಮೊದಲು ಇದರೊಳಗಿನ ಧರ್ಮಸೂಕ್ಷ್ಮವನ್ನು ಸ್ವಲ್ಪ ವಿಚಾರಿಸಬೇಕೆಂದು ನನಗೆ ತೋರುತ್ತದೆ.

ಲೆಕ್ಕವನ್ನು ಮೊದಲು ನೋಡೋಣ. ಹಳೆಯ ಕಾರಿಗೆ 40,000 ಡಾಲರು, ಹೊಸದಕ್ಕೆ 25,000 ಡಾಲರು ಎಂದಿಟ್ಟುಕೊಳ್ಳಿ. ವ್ಯಾಪಾರಿಯು 15,000 ಡಾಲರನ್ನು ಮರಳಿ ಕೊಡುತ್ತಾನೆ. ಕ್ಯಾಲಿಫೋರ್ನಿಯದಲ್ಲಿ ಸಂಸ್ಥಾನವಿಡೀ ಸಲ್ಲುವ ಕನಿಷ್ಠ ದರವು ನೂರಕ್ಕೆ 7.25. ಅದು ಹೊಸ ಕಾರಿನ ಪೂರ್ಣ ಬೆಲೆಯ ಮೇಲೆ ಬೀಳುವುದರಿಂದ 1,812.50 ಡಾಲರು ತೆರಿಗೆಯಾಯಿತು. ಟೆಕ್ಸಾಸಿನಲ್ಲಿ ದರವು ನೂರಕ್ಕೆ 6.25, ಆದರೆ ಅಲ್ಲಿ ಹಳೆಯ ಕಾರಿನ ಬೆಲೆಯನ್ನು ಕಳೆದು ಉಳಿದುದರ ಮೇಲೆ ಮಾತ್ರ ತೆರಿಗೆ. ಕಳೆದರೆ ಉಳಿಯುವುದು ಏನೂ ಇಲ್ಲವಾದ್ದರಿಂದ ತೆರಿಗೆಯೂ ಇಲ್ಲ. ಬಹುತೇಕ ಸಂಸ್ಥಾನಗಳು ಟೆಕ್ಸಾಸಿನ ದಾರಿಯನ್ನೇ ಹಿಡಿದಿವೆ.

ಎರಡು ಕಡೆಗೂ ವಾದವುಂಟು. ನಡೆದುದು ಎರಡು ಮಾರಾಟಗಳು, ಎರಡನ್ನು ಒಂದೇ ಕಾಗದದಲ್ಲಿ ಬರೆದ ಮಾತ್ರಕ್ಕೆ ಒಂದಾಗಲಾರವು ಎಂಬುದು ಕ್ಯಾಲಿಫೋರ್ನಿಯದ ಮತ. ಬಿಟ್ಟುಕೊಟ್ಟ ಕಾರನ್ನು ವ್ಯಾಪಾರಿಯು ನಾಳೆ ಇನ್ನೊಬ್ಬನಿಗೆ ಮಾರುವಾಗ ಅದರ ಮೇಲೆ ತೆರಿಗೆ ಬಂದೇ ಬರುವುದು, ಈಗಲೇ ಏಕೆ ಅವಸರ ಎಂಬುದು ಇನ್ನೊಂದು ಮತ. ನಮ್ಮ ದೇಶದ ಕಾನೂನು ಕ್ರಯವನ್ನೂ ವಿನಿಮಯವನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತದೆ. 1882ರ ಸ್ವತ್ತು ವರ್ಗಾವಣೆಯ ಶಾಸನದಲ್ಲಿ ಎರಡಕ್ಕೂ ಬೇರೆ ಲಕ್ಷಣಗಳಿವೆ. 1930ರ ಸರಕು ಮಾರಾಟದ ಶಾಸನದಲ್ಲಿ ಬೆಲೆಯೆಂದರೆ ಹಣವೇ. ಆದರೆ ಕಾರೂ ಹಣವೂ ಕಲಸಿಕೊಂಡು ಕೈಬದಲಾದಾಗ ಅದನ್ನು ಒಂದೆನ್ನಬೇಕೋ ಎರಡೆನ್ನಬೇಕೋ ಎಂಬುದನ್ನು ವಸ್ತುಸ್ವಭಾವವು ತಾನಾಗಿ ಹೇಳುವುದಿಲ್ಲ. ಆಳುವವರು ಒಂದನ್ನು ಆರಿಸಿ ಹೇಳಬೇಕು. ಪ್ರಜೆಯು ಅದರಂತೆ ನಡೆಯಬೇಕು.

ನಮ್ಮ ಗೃಹಸ್ಥನ ಮನಸ್ಸಿನಲ್ಲಿ ಇನ್ನೊಂದು ಅಳಲು ಇರಬಹುದು: "ನಾನು ವಿಲಾಸವನ್ನು ಬಿಟ್ಟು ಮಿತವ್ಯಯಕ್ಕೆ ಇಳಿದೆ, ಇಳಿದವನ ಮೇಲೂ ಸುಂಕವೇ?" ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ನಮ್ಮ ಹಿರಿಯರು ಇದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ಸುಂಕವು ವೈರಾಗ್ಯವನ್ನು ಅಳೆಯುವ ಕೋಲಲ್ಲ. ಸಾಲಕ್ಕಂಜಿ ಇಳಿದವನನ್ನೂ ವಿವೇಕದಿಂದ ಇಳಿದವನನ್ನೂ ಅದು ಬೇರ್ಪಡಿಸಲು ಹೊರಟರೆ, ಮನೆಮನೆಯ ಒಳಗುಟ್ಟನ್ನೆಲ್ಲ ಅಧಿಕಾರಿಗೆ ಒಪ್ಪಿಸಬೇಕಾದೀತು. ಅದು ಬೇಡ.

ನಿಜವಾದ ತೊಡಕು ಬೇರೆಯೊಂದು ಕಡೆಯಲ್ಲಿದೆ. ವ್ಯಾಪಾರಿಯು ಗೃಹಸ್ಥನ ಕಿವಿಯಲ್ಲಿ ಹೀಗೆ ಹೇಳುತ್ತಾನೆಂದು ಊಹಿಸಿರಿ: "ಸ್ವಾಮಿ, ನಿಮ್ಮ ಕಾರಿಗೆ 40,000ದ ಬದಲು 30,000 ಎಂದು ಬರೆಯೋಣ, ನನ್ನ ಕಾರಿಗೆ 25,000ದ ಬದಲು 15,000 ಎಂದು ಬರೆಯೋಣ. ನಿಮ್ಮ ಕೈಗೆ ಬರುವ 15,000 ಹಾಗೆಯೇ ಬರುತ್ತದೆ. ತೆರಿಗೆಯಲ್ಲಿ ಮಾತ್ರ 725 ಡಾಲರು ಉಳಿಯುತ್ತದೆ." ಲೆಕ್ಕ ಸರಿಯಾಗಿದೆ. ಇಬ್ಬರಲ್ಲಿ ಯಾರಿಗೂ ನಷ್ಟವಿಲ್ಲ, ಯಾರೂ ಮೋಸಹೋಗಲಿಲ್ಲ. ಕೊಡುವವನೂ ಕೊಳ್ಳುವವನೂ ಒಪ್ಪಿದುದೇ ಬೆಲೆಯಲ್ಲವೆ? ಅವರಿಬ್ಬರೂ 15,000 ಎಂದು ಒಪ್ಪಿದ ಮೇಲೆ ಅದು ಸುಳ್ಳಾಗುವುದು ಹೇಗೆ?

ಈ ಪ್ರಶ್ನೆ ಅಷ್ಟು ಸುಲಭವಾದುದಲ್ಲ. ಇಂಥ ವಿನಿಮಯದಲ್ಲಿ ಇಬ್ಬರಿಗೂ ನಿಜವಾಗಿ ಮುಟ್ಟುವುದು ಎರಡು ಬೆಲೆಗಳ ಅಂತರ ಮಾತ್ರ. ಬೆಲೆಗಳೆರಡೂ ಕಾಗದದ ಮೇಲಿನ ಅಂಕೆಗಳು; ಅಂತರವನ್ನು ಕೆಡಿಸದೆ ಅವನ್ನು ಎಷ್ಟು ಮೇಲಕ್ಕೆ ಬೇಕಾದರೂ ಏರಿಸಬಹುದು, ಎಷ್ಟು ಕೆಳಕ್ಕೆ ಬೇಕಾದರೂ ಇಳಿಸಬಹುದು. ಗಿರಾಕಿಯ ಮನಸ್ಸನ್ನು ಸಂತೋಷಪಡಿಸುವುದಕ್ಕೆ ಹಳೆಯ ಗಾಡಿಗೆ ಹೆಚ್ಚು ಬೆಲೆ ಕಟ್ಟಿ, ಹೊಸದರ ಬೆಲೆಯಲ್ಲಿ ಅದನ್ನು ಸದ್ದಿಲ್ಲದೆ ಸೇರಿಸುವ ವ್ಯಾಪಾರಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹಾಗಾದರೆ ಸತ್ಯವಾದ ಬೆಲೆಯನ್ನು ಎಲ್ಲಿ ಹುಡುಕಬೇಕು?

ನನಗೆ ತೋಚುವ ಒರೆಗಲ್ಲು ಇದು: ಕಾರಿಲ್ಲದೆ ಹಣವನ್ನು ಮಾತ್ರ ಹಿಡಿದು ಬಂದ ಮೂರನೆಯವನೊಬ್ಬನು ಆ ಅಂಗಡಿಯ ಬಾಗಿಲಲ್ಲಿ ನಿಂತಿದ್ದರೆ, ವ್ಯಾಪಾರಿಯು ಅವನಿಗೆ ಅದೇ ಹೊಸ ಕಾರನ್ನು 15,000 ಡಾಲರಿಗೆ ಕೊಡುತ್ತಿದ್ದನೆ? ನಮ್ಮ ಗೃಹಸ್ಥನು ತನ್ನ ಸ್ಪೋರ್ಟ್ಸ್ ಕಾರನ್ನು ಅವನಿಗೆ 30,000ಕ್ಕೆ ಬಿಟ್ಟುಕೊಡುತ್ತಿದ್ದನೆ? ಇಲ್ಲವಾದರೆ ಆ ಅಂಕೆಗಳು ಅವರಿಬ್ಬರ ಒಪ್ಪಂದವಲ್ಲ, ಅಲ್ಲಿಲ್ಲದ ಒಬ್ಬನ ಕಣ್ಣಿಗೆಂದು ಬರೆದ ಮಾತು. ಇಬ್ಬರು ಕೂಡಿ ಆಡಿದ ಸುಳ್ಳು ಇಬ್ಬರಿಗೂ ಗೊತ್ತಿದೆಯೆಂಬ ಕಾರಣದಿಂದ ಸತ್ಯವಾಗುವುದಿಲ್ಲ. ಹಾನಿಯೂ ಇಲ್ಲದಿಲ್ಲ: ಅದೇ ದಿನ ಅದೇ ಕಾರನ್ನು ಪೂರ್ಣ ಬೆಲೆಗೆ ಕೊಂಡು ಪೂರ್ಣ ತೆರಿಗೆ ತೆತ್ತವನ ಪಕ್ಕದಲ್ಲಿ ಇವನು ಅದೇ ರಸ್ತೆಯ ಮೇಲೆ ಹೋಗುತ್ತಾನೆ.

ಈ ಪ್ರಲೋಭನೆಯನ್ನು ಶಾಸನಕರ್ತರು ಅರಿಯದವರಲ್ಲ. ಹಳೆಯ ಕಾರಿಗೆ ಬರೆದ ಬೆಲೆಯು ಪೇಟೆಯ ಬೆಲೆಗಿಂತ ಕಡಮೆಯೆಂದು ಕಂಡರೆ ಪೇಟೆಯ ಬೆಲೆಯನ್ನೇ ಒಪ್ಪಿದ ಬೆಲೆಯೆಂದು ಭಾವಿಸತಕ್ಕದ್ದೆಂದು ಕ್ಯಾಲಿಫೋರ್ನಿಯದ ನಿಯಮವು ಹೇಳುತ್ತದೆ. ನಮ್ಮಲ್ಲಿಯೂ ಇದರ ಪ್ರತಿರೂಪವುಂಟು. ಸರಕು ಮತ್ತು ಸೇವಾ ತೆರಿಗೆಯ 2017ರ ನಿಯಮಾವಳಿಯ 27ನೆಯ ನಿಯಮದಲ್ಲಿ ಒಂದು ಉದಾಹರಣೆಯನ್ನು ಕೊಟ್ಟಿದ್ದಾರೆ: ಹಳೆಯ ಫೋನನ್ನು ಕೊಟ್ಟು 20,000 ರೂಪಾಯಿಗೆ ಹೊಸದನ್ನು ಪಡೆದರೂ, ಹಳೆಯದನ್ನು ಕೊಡದಿದ್ದಲ್ಲಿ ಅದರ ಬೆಲೆ 24,000 ಆಗುತ್ತಿದ್ದರೆ, ತೆರಿಗೆಗೆ ಆಧಾರವು 24,000. ಬಾಗಿಲಲ್ಲಿ ನಿಂತ ಆ ಮೂರನೆಯವನನ್ನೇ ಇಲ್ಲಿಯೂ ಸಾಕ್ಷಿಗೆ ಕರೆದಿದ್ದಾರೆ. ಇದು ಹೊಸ ಯುಗದ ಜಾಣ್ಮೆಯೆಂದು ಯಾರೂ ಹೆಮ್ಮೆಪಡಬೇಕಾಗಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಗರಿಯ ಪ್ರತಿಯಿಂದ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುಂಕಕ್ಕಂಜಿ ಸರಕಿನ ಅಳತೆಯನ್ನಾಗಲಿ ಬೆಲೆಯನ್ನಾಗಲಿ ಕಡಮೆ ಹೇಳುವ ವರ್ತಕನಿಗೆ ದಂಡವು ವಿಧಿಸಲ್ಪಟ್ಟಿದೆ: ಮುಚ್ಚಿಟ್ಟ ಹೆಚ್ಚಳವು ರಾಜನಿಗೆ, ಇಲ್ಲವೆ ಸುಂಕದ ಎಂಟುಪಟ್ಟು. ಅಂದಿನ ವರ್ತಕನೂ ಊರ ಹೆಬ್ಬಾಗಿಲ ಬಳಿ ಇದೇ ಪಿಸುಮಾತನ್ನು ಆಡಿದ್ದಿರಬೇಕು.

ಹಾಗೆಂದು ತೆರಿಗೆಯನ್ನು ಕಡಮೆಮಾಡಿಕೊಳ್ಳುವ ಪ್ರಯತ್ನವೆಲ್ಲವೂ ಪಾಪವೆಂದು ನಾನು ಹೇಳಲಾರೆ. ಟೆಕ್ಸಾಸಿನ ಗೃಹಸ್ಥನು ತನ್ನ ಕಾರನ್ನು ನೆರೆಯವನಿಗೆ ನಗದಿಗೆ ಮಾರಿ, ಬಂದ ಹಣದಿಂದ ಅಂಗಡಿಯಲ್ಲಿ ಹೊಸ ಕಾರನ್ನು ಕೊಂಡರೆ 1,562.50 ಡಾಲರು ತೆರಿಗೆ ತೆರಬೇಕು. ವ್ಯಾಪಾರಿಗೇ ಕೊಟ್ಟರೆ ತೆರಬೇಕಾಗಿಲ್ಲ. ನೆರೆಯವನು ಅದಕ್ಕಿಂತ ಹೆಚ್ಚು ಕೊಡದಿದ್ದರೆ ವ್ಯಾಪಾರಿಯ ಕಡೆಗೆ ತಿರುಗುವುದು ವಿವೇಕ. ಅವನು ಆರಿಸಿದ್ದು ದಾರಿಯನ್ನು. ನಡೆದ ದಾರಿಯನ್ನು ನಡೆದಂತೆಯೇ ಹೇಳಿದ್ದಾನೆ. ಮಾರಾಟ ತೆರಿಗೆಯಿಲ್ಲದ ಮಾಂಟಾನ ಸಂಸ್ಥಾನದಲ್ಲಿ ಹೆಸರಿಗೊಂದು ಕಂಪನಿಯನ್ನು ಹುಟ್ಟಿಸಿ, ತಾನು ಬೇರೆಡೆ ವಾಸವಾಗಿದ್ದು ತನ್ನ ಮನೆಯೆದುರಿಗೆ ನಿಲ್ಲಿಸುವ ವಿಲಾಸದ ಕಾರನ್ನು ಆ ಕಂಪನಿಯದೆಂದು ನೋಂದಾಯಿಸುವವನ ಸಂಗತಿ ಬೇರೆ. ಅವನು ವ್ಯಾಪಾರವಿಲ್ಲದ ಕಡೆ ವ್ಯಾಪಾರವಿದೆಯೆಂದು ತೋರಿಸುತ್ತಾನೆ.

ಕಾನೂನುಗಳಿಗೂ ಒಂದು ಗುಣಾವಗುಣವಿದೆ. ಸುಳ್ಳನ್ನು ಎಷ್ಟು ಅಗ್ಗವಾಗಿ ಮಾಡುತ್ತವೆಂಬುದರಿಂದ ಅದನ್ನು ನೋಡಬೇಕೆಂದು ನನ್ನ ಎಣಿಕೆ. ಅಂತರದ ಮೇಲೆ ಮಾತ್ರ ತೆರಿಗೆ ಹಾಕುವ ಟೆಕ್ಸಾಸಿನಲ್ಲಿ, ಅಂಗಡಿಯಲ್ಲಿ ಎರಡು ಅಂಕೆಗಳನ್ನೂ ಒಂದೇ ಸಮನಾಗಿ ಇಳಿಸಿ ಬರೆದರೆ ಯಾರಿಗೂ ಲಾಭವಿಲ್ಲ. ಆದ್ದರಿಂದ ಯಾರೂ ಬರೆಯುವುದಿಲ್ಲ. ಆದರೆ ಪ್ರಲೋಭನೆಯು ಅಂಗಡಿಯನ್ನು ಬಿಟ್ಟು ನೆರೆಹೊರೆಯನ್ನು ಸೇರಿತು. ಅಲ್ಲಿ ಒಬ್ಬನಿಂದ ಒಬ್ಬನು ಹಳೆಯ ಕಾರನ್ನು ಕೊಂಡರೆ ಕೊಂಡವನು ತೆರಿಗೆ ಕೊಡಬೇಕು. "ಬೆಲೆಯನ್ನು ಸ್ವಲ್ಪ ಕಡಮೆ ಬರೆದುಕೊಡಿ, ನಿಮಗೇನು ಹೋಗುತ್ತದೆ?" ಎಂದು ಅವನು ಕೇಳಿದರೆ ಮಾರುವವನು ದಾಕ್ಷಿಣ್ಯಕ್ಕೆ ಸಿಕ್ಕಿ ಬರೆದುಕೊಡುತ್ತಾನೆ. ತನಗೇನೂ ಖರ್ಚಿಲ್ಲದ ಉಪಕಾರವೆಂದು ಅವನ ಭಾವನೆ.

ಇದನ್ನು ತಡೆಯುವುದಕ್ಕಾಗಿ ಆ ಸಂಸ್ಥಾನವು 2006ರಿಂದ ಇಂಥ ಪ್ರತಿಯೊಂದು ಹಳೆಯ ಗಾಡಿಗೂ ಒಂದು ಅಂದಾಜು ಬೆಲೆಯನ್ನು ಗೊತ್ತುಮಾಡಿದೆ. ಬರೆದ ಬೆಲೆಯು ಅದರ ನೂರಕ್ಕೆ 80ಕ್ಕಿಂತ ಕಡಮೆಯಾದರೆ ಆ 80ರ ಮೇಲೆಯೇ ತೆರಿಗೆ. ಸುಳ್ಳು ಹೇಳುವವರಿಗೆ ಇದು ತಕ್ಕ ಉತ್ತರವೇ ಸರಿ. ಆದರೆ ಸ್ಪೋರ್ಟ್ಸ್ ಕಾರನ್ನು ಬಿಡಲು ನಿಶ್ಚಯಿಸಿದವನೊಬ್ಬನು ತನ್ನ ಬಾಲ್ಯದ ಗೆಳೆಯನಿಗೆ ಅದನ್ನು ಸ್ನೇಹದಿಂದ ನಿಜವಾಗಿಯೇ ಅರ್ಧ ಬೆಲೆಗೆ ಕೊಟ್ಟನೆನ್ನಿ. ಅಲ್ಲಿ ಯಾರೂ ಸುಳ್ಳು ಹೇಳಿಲ್ಲ. ಬರೆದ ಬೆಲೆಯೇ ಕೊಟ್ಟ ಬೆಲೆ. ಆದರೂ ಹಿಂದೆ ಸುಳ್ಳು ಬರೆದವರೆಲ್ಲರ ಸಂದೇಹವು ಈ ಗೆಳೆಯನ ತಲೆಯ ಮೇಲೆ ಬಂದು ಕೂರುತ್ತದೆ. ಅವನು ಪರವಾನಗಿಯುಳ್ಳ ವ್ಯಾಪಾರಿಯನ್ನಾಗಲಿ ವಿಮೆಯ ಬೆಲೆಗಾರನನ್ನಾಗಲಿ ಹುಡುಕಿಕೊಂಡು ಹೋಗಿ, ಕಾರನ್ನು ತೋರಿಸಿ, 20 ಕೆಲಸದ ದಿನಗಳೊಳಗೆ ಬೆಲೆಯ ಪ್ರಮಾಣಪತ್ರವನ್ನು ತರಬೇಕು. ಆ ಬೆಲೆಗಾರನೋ ಕಾರಿನ ಬೆಲೆಯನ್ನು ಕಟ್ಟಬಲ್ಲನು, ಸ್ನೇಹದ ಬೆಲೆಯನ್ನು ಕಟ್ಟಲಾರನು. ಕಾರು ಚೆನ್ನಾಗಿದ್ದರೆ ಅವನು ಚೆನ್ನಾದ ಬೆಲೆಯನ್ನೇ ಬರೆಯುತ್ತಾನೆ. ಬರೆದುದಕ್ಕೆ ಶುಲ್ಕವನ್ನೂ ತೆಗೆದುಕೊಳ್ಳುತ್ತಾನೆ.